ಪರದೇಶಕ್ಕೆ ಹೋಗುವ ಮಕ್ಕಳಿಗೆ ಮನೆಯ ಸುದ್ದಿಯನ್ನು ಮರೆಮಾಡಬಹುದೋ?

ನಮ್ಮ ಹಿರಿಯರ ಕಾಲದಲ್ಲಿ ಅಪರೂಪವಾಗಿದ್ದ ಒಂದು ಕಾರ್ಯವನ್ನು ನಾವು ಈಗ ನಮ್ಮ ಹಳ್ಳಿಗಳಲ್ಲಿಯೇ ಕಾಣುತ್ತೇವೆ. ಕೂಲಿಯವರ, ನೇಕಾರರ, ಸಣ್ಣ ರೈತರ ಮನೆಗಳಲ್ಲಿ ಹುಟ್ಟಿ, ಧಾರವಾಡ ಹುಬ್ಬಳ್ಳಿಗಳ ಕಾಲೇಜುಗಳಲ್ಲಿ ಓದಿದ ಹುಡುಗರೂ ಹುಡುಗಿಯರೂ ಹೆಚ್ಚಿನ ವಿದ್ಯೆಗೋಸ್ಕರ ಇಂಗ್ಲೆಂಡು, ಜರ್ಮನಿ ಮುಂತಾದ ದೇಶಗಳಿಗೆ ಹೊರಡುತ್ತಾರೆ. ಅಂಥ ಮನೆಯೊಳಗೆ ನಡೆಯುವ ಸಿದ್ಧತೆಯನ್ನು ನೋಡಿದವರು ಅದು ಮದುವೆಯ ಸಿದ್ಧತೆಗಿಂತ ಕಡಿಮೆಯಾದದ್ದಲ್ಲವೆಂದು ಬಲ್ಲರು. ಪಾಸ್‌ಪೋರ್ಟು ಮಾಡಿಸುವದು, ಹತ್ತನೆಯ ತರಗತಿಯಿಂದ ಹಿಡಿದು ಎಲ್ಲಾ ಅಂಕಪಟ್ಟಿಗಳನ್ನು ಕೂಡಿಸುವದು, ಇಂಗ್ಲಿಷಿನ ಪರೀಕ್ಷೆಗೆ ಕುಳಿತುಕೊಳ್ಳುವದು, ಬ್ಯಾಂಕಿಗೆ ಅಲೆಯುವದು, ವೀಸಾ ಕೇಳುವದು, ಇವೆಲ್ಲಾ ತಿಂಗಳುಗಟ್ಟಲೆ ಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಓದುವದಕ್ಕೆ ಹೋಗುವ ನಮ್ಮ ದೇಶದವರು, ತಮಗೆ ಕ್ಷಯರೋಗವಿಲ್ಲವೆಂಬ ಪತ್ರವನ್ನು ಗೊತ್ತುಮಾಡಿದ ಆಸ್ಪತ್ರೆಯಿಂದ ತರಬೇಕು. ಸ್ವಂತ ಹಣವನ್ನು ತೋರಿಸುವವರು ಆ ಹಣವು ಎಡೆಬಿಡದೆ 28 ದಿವಸ ಲೆಕ್ಕದಲ್ಲಿ ಇತ್ತೆಂದು ಬ್ಯಾಂಕಿನ ಕಾಗದದಿಂದ ರುಜುಪಡಿಸಬೇಕು. ಸಾಲ ತೆಗೆಯುವವರ ಸಂಗಡ ಸಾಮಾನ್ಯವಾಗಿ ತಂದೆಯಾಗಲಿ ತಾಯಿಯಾಗಲಿ ಜೊತೆ ಸಾಲಗಾರರಾಗಿ ರುಜು ಹಾಕಬೇಕು. ಸಾಲವು ದೊಡ್ಡದಾದರೆ ಮನೆಯ ಪತ್ರವೂ ಬ್ಯಾಂಕಿಗೆ ಹೋಗುವದು. ಕಡೆಯ ವಾರದಲ್ಲಿ ನೆರೆಮನೆಯ ಹೆಂಗಸರು ಕೂಡಿ ಕಟಕರೊಟ್ಟಿ ಬಡಿಯುತ್ತಾರೆ, ಶೇಂಗಾ ಹಿಂಡಿ ಕುಟ್ಟುತ್ತಾರೆ. ಪೆಟ್ಟಿಗೆಯನ್ನು ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯ ಮೇಲಿಟ್ಟು ತೂಗುತ್ತಾರೆ.

ಆದರೆ ಈ ಎಲ್ಲಾ ಗದ್ದಲದ ನಡುವೆ ಮನೆಯ ಹಿರಿಯರು ಒಳಗಿನ ಕೋಣೆಯಲ್ಲಿ ಇನ್ನೊಂದು ಸಿದ್ಧತೆಯನ್ನು ಪಿಸುಮಾತಿನಿಂದ ಮಾಡಿಕೊಳ್ಳುವದುಂಟು. ಅದು ಯಾವದಂದರೆ, ಹೋಗುವ ಮಗುವಿಗೆ ಮನೆಯ ಯಾವ ಸುದ್ದಿಯನ್ನು ಹೇಳಬಾರದು ಎಂಬದೇ. ಅಜ್ಜಿಯ ಕಣ್ಣು ಕುರುಡಾಗುತ್ತಿರುವದು, ಅಣ್ಣನ ಕೆಲಸ ಹೋದದ್ದು, ಬಡ್ಡಿಯ ಹಣ ತಂದದ್ದು, ತಂದೆಯ ರೋಗ, ಇವುಗಳ ಮೇಲೆ ಮುಚ್ಚಳ ಹಾಕಿ, "ಎಲ್ಲಾ ಕ್ಷೇಮ" ಎಂಬ ಎರಡು ಮಾತುಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಹೀಗೆ ಮಾಡುವದು ಪ್ರೀತಿಯೋ, ಅಥವಾ ಪ್ರೀತಿಯ ವೇಷ ಹಾಕಿಕೊಂಡ ತಪ್ಪೋ ಎಂಬದನ್ನು ಕುರಿತು ನಾವು ಈ ತಿಂಗಳು ವಿಚಾರಿಸುವೆವು. ಈ ವಿಷಯದಲ್ಲಿ ನಾವೇ ಒಂದು ತಪ್ಪನ್ನು ಮಾಡಿದ ಕಾರಣ, ಮೊದಲು ಅದನ್ನು ಹೇಳಿಬಿಡುವದು ಯುಕ್ತವಾಗಿದೆ.

ಕೆಲವು ವರುಷಗಳ ಕೆಳಗೆ ನಮ್ಮ ನೆರೆಯ ಹಳ್ಳಿಯ ಒಬ್ಬ ಹುಡುಗಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರುಷದ ಓದಿಗೆ ಜಾಗ ಸಿಕ್ಕಿತು. ತಂದೆಗೆ ಮೂರು ಎಕರೆ ಹೊಲ. ಮನೆಯಲ್ಲಿ ತಾಯಿ, ಅಜ್ಜಿ, ಗ್ಯಾರೇಜಿನಲ್ಲಿ ದುಡಿಯುವ ಅಣ್ಣ. ಮನೆಯ ಪತ್ರವನ್ನು ಇಟ್ಟು ಸಾಲ ತೆಗೆದರು. ತಂದೆಯೂ ಮಗಳೂ ಕೂಡಿ ರುಜು ಹಾಕಿದರು. ಸಾಲದ ರೊಕ್ಕ ಸಾಲದೆ ಹೋದಾಗ ಅಜ್ಜಿಯು ತನ್ನ ಎರಡು ಬಳೆಗಳನ್ನು ಬಿಚ್ಚಿಕೊಟ್ಟಳು. ಹುಡುಗಿ ಹೊರಡುವದಕ್ಕೆ ಒಂದು ತಿಂಗಳು ಇರುವಾಗ ತಂದೆಯ ಕಾಲು ಬಾತು, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಲಾಗಿ, ಎರಡು ಮೂತ್ರಪಿಂಡಗಳೂ ಕೆಡುತ್ತಿವೆ, ಕೆಲವು ತಿಂಗಳಲ್ಲಿ ಡಯಾಲಿಸಿಸ್ ಬೇಕಾದೀತು ಎಂದು ವೈದ್ಯರು ಹೇಳಿದರು. ಅದೇ ಸಾಯಂಕಾಲ ಅಣ್ಣನು ನಮ್ಮ ಮನೆಗೆ ಬಂದು, ಬಾಗಿಲು ಮುಚ್ಚಿ, "ಉಪದೇಶಕರೇ, ಇದು ತಂಗಿಗೆ ತಿಳಿದರೆ ಅವಳು ಹೋಗುವದಿಲ್ಲ. ಕಟ್ಟಿದ ಫೀಸೂ ಹೋದೀತು, ಅವಳ ಬಾಳೂ ಹೋದೀತು. ಏನು ಮಾಡಲಿ?" ಎಂದು ಕೇಳಿದನು. ನಾವು ಸ್ವಲ್ಪ ಹೊತ್ತು ಯೋಚಿಸಿ, "ಈಗ ಹೇಳಬೇಡ, ಅವಳು ಹೋಗಿ ನೆಲೆಗೊಳ್ಳಲಿ, ಆಮೇಲೆ ನೋಡೋಣ" ಎಂದೆವು. ಅವನ ಮುಖವು ಹಗುರವಾಯಿತು. ನಾವು ಜಾಣತನದ ಮಾತನ್ನಾಡಿದೆವೆಂದು ನಮಗೂ ತೋರಿತು.

ಹೊರಡುವ ಮುನ್ನಾದಿನ ಆ ಹುಡುಗಿ ಹೇಳಿಹೋಗುವದಕ್ಕೆ ನಮ್ಮ ಬಳಿಗೆ ಬಂದಳು. ಹೊಸ್ತಿಲ ಬಳಿಯಲ್ಲಿ ನಿಂತು, "ಅಪ್ಪ ಆರಾಮ ಇದ್ದಾನಲ್ಲರೀ?" ಎಂದು ಕೇಳಿದಳು. "ಆರಾಮ ಇದ್ದಾನವ್ವಾ, ನೀನು ಚಿಂತೆ ಮಾಡಬೇಡ" ಎಂದು ನಾವು ಹೇಳಿದೆವು. ಅವಳು ಒಂದು ಗಳಿಗೆ ನಮ್ಮ ಮುಖವನ್ನು ನೋಡಿ, ತಲೆಬಾಗಿಸಿ ಹೊರಟುಹೋದಳು. ಆ ನೋಟದ ಅರ್ಥವು ನಮಗೆ ಆಗ ತಿಳಿಯಲಿಲ್ಲ.

ಹೀಗಿರಲಾಗಿ, ಮರೆಮಾಡುವವರ ಪಕ್ಷದಲ್ಲಿ ಹೇಳತಕ್ಕ ಮಾತುಗಳಿಲ್ಲವೆಂದು ಯಾರೂ ನೆನಸಬಾರದು. ಅವರು ಮುಖ್ಯವಾಗಿ ಮೂರು ಮಾತುಗಳನ್ನು ಹೇಳುತ್ತಾರೆ. ಮೊದಲನೆಯದು: ದೂರದಲ್ಲಿರುವವಳು ಏನು ಮಾಡಬಲ್ಲಳು? ರೋಗಿಯ ಕಾಲು ಒತ್ತಲಾರಳು, ನೀರು ಕೊಡಲಾರಳು. ಬರೀ ಅತ್ತು ಓದನ್ನು ಕೆಡಿಸಿಕೊಳ್ಳುವಳು. ಎರಡನೆಯದು: ತಿಳಿದರೆ ಪ್ರಯಾಣವನ್ನೇ ಬಿಡುವಳು, ಆಗ ಮನೆಯವರು ಪಟ್ಟ ಕಷ್ಟವೆಲ್ಲಾ ನೀರಿನಲ್ಲಿ ಹೋಮಮಾಡಿದಂತಾಗುವದು. ಮೂರನೆಯದು: ಕಹಿಯನ್ನು ತಾವು ನುಂಗಿ ಸಿಹಿಯನ್ನು ಮಕ್ಕಳಿಗೆ ಕೊಡುವದೇ ಹೆತ್ತವರ ಧರ್ಮ. ಈ ಮಾತುಗಳು ಕೆಟ್ಟ ಹೃದಯದಿಂದ ಬಂದವುಗಳಲ್ಲ. ಇವುಗಳನ್ನು ಹೇಳುವವರು ತಮಗೋಸ್ಕರ ಏನನ್ನೂ ಕೇಳಿಕೊಳ್ಳುವದಿಲ್ಲ. ಆದದರಿಂದಲೇ ಇವುಗಳಿಗೆ ಉತ್ತರ ಹೇಳುವದು ಕಷ್ಟ.

ಪೂರ್ವಕಾಲದಲ್ಲಿ ಈ ಪ್ರಶ್ನೆಯು ಇಷ್ಟು ತೀಕ್ಷ್ಣವಾಗಿರಲಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೆ ಓದುವದಕ್ಕೆ ಹೋಗಿ, 1851ರಲ್ಲಿ ತಿರಿಗಿ ಬಂದರು. ಆಗ ಸುಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಊರಿನ ಕಾಗದವು ಪರದೇಶವನ್ನು ಮುಟ್ಟುವಷ್ಟರಲ್ಲಿ ರೋಗಿಯು ಒಂದೋ ಗುಣಹೊಂದಿರುವನು, ಇಲ್ಲವೇ ಮಣ್ಣಿಗೆ ಸೇರಿರುವನು. ಆಗ ಸುದ್ದಿಯನ್ನು ತಡೆದದ್ದು ಸಮುದ್ರ. ಈಗ ನಮ್ಮ ಮಾತು ಕಣ್ಣು ಮಿಟುಕಿಸುವದರೊಳಗೆ ಇಂಗ್ಲೆಂಡನ್ನು ಮುಟ್ಟುತ್ತದೆ, ಮುಖವೂ ಕಾಣುತ್ತದೆ. ಈಗ ಸುದ್ದಿಯು ತಡವಾದರೆ ಅದನ್ನು ತಡೆದವರು ನಾವೇ; ಸಮುದ್ರದ ಮೇಲೆ ತಪ್ಪು ಹೊರಿಸಲಾರೆವು.

ಈ ಎರಡು ಕಾಲಗಳ ನಡುವೆ ನಡೆದ ಒಂದು ಸಂಗತಿಯನ್ನು ಪ್ರತಿಯೊಂದು ಮನೆಯವರು ತಿಳಿದಿರಬೇಕೆಂದು ನಮ್ಮ ಆಶೆ. ಮೋಹನದಾಸ ಗಾಂಧಿಯವರು ನ್ಯಾಯಶಾಸ್ತ್ರವನ್ನು ಓದುವದಕ್ಕೆ 1888ನೆಯ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಲಂಡನಿಗೆ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಭತ್ತು ತುಂಬಿರಲಿಲ್ಲ. ತಂದೆ ಮೊದಲೇ ತೀರಿಹೋಗಿದ್ದರು; ಹೆಂಡತಿಯನ್ನೂ ಕೆಲವೇ ತಿಂಗಳಿನ ಗಂಡುಮಗುವನ್ನೂ ಬಿಟ್ಟು ಹೊರಟರು. ಹಣದ ಭಾರವನ್ನು ಅಣ್ಣನು ಹೊತ್ತನು. ಅವರ ಜಾತಿಯ ಮುಖಂಡರು ಸಭೆ ಸೇರಿ, ಸಮುದ್ರ ದಾಟುವ ಈ ಹುಡುಗನನ್ನು ಜಾತಿಯಿಂದ ಹೊರಗೆ ಹಾಕಿದರು. ತಾಯಿ ಪುತಲೀಬಾಯಿಯು ಮಾತ್ರ, ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವದಿಲ್ಲವೆಂದು ಮಗನು ಪ್ರಮಾಣಮಾಡಿದ ಮೇಲೆ ಅಪ್ಪಣೆ ಕೊಟ್ಟಳು. ಮಗನು ಆ ಮಾತನ್ನು ಕಾಪಾಡಿಕೊಂಡನು; ಚಳಿಯ ದೇಶದಲ್ಲಿ ಅರೆಹೊಟ್ಟೆಯಲ್ಲಿದ್ದರೂ ಕಾಪಾಡಿಕೊಂಡನು. 1891ನೆಯ ಜೂನಿನಲ್ಲಿ ಬ್ಯಾರಿಸ್ಟರನಾಗಿ ಹೊರಟು ಮುಂಬಯಿಗೆ ಬಂದು ಇಳಿದಾಗ ತಾಯಿಯ ಮುಖವನ್ನು ನೋಡುವ ಆತುರ ಅವನಿಗಿತ್ತು. ಆಗ ಅಣ್ಣನು ಹೇಳಿದ್ದೇನಂದರೆ, ತಾಯಿ ಇಲ್ಲ. ಅವನು ಲಂಡನಿನಲ್ಲಿರುವಾಗಲೇ ತೀರಿಹೋದಳು. ಪರದೇಶದಲ್ಲಿ ಒಬ್ಬಂಟಿಗನಾದ ತಮ್ಮನಿಗೆ ಆ ಪೆಟ್ಟು ಬೀಳಬಾರದೆಂದು ಅಣ್ಣನು ಸುದ್ದಿಯನ್ನು ಮರೆಮಾಡಿದ್ದನು. ತಂದೆಯ ಮರಣದಿಂದ ಆದದ್ದಕ್ಕಿಂತಲೂ ಹೆಚ್ಚಿನ ದುಃಖವು ಈ ಸುದ್ದಿಯಿಂದ ಆಯಿತೆಂದು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ.

ಅಣ್ಣನು ಕೆಟ್ಟವನೋ? ಅಲ್ಲ. ತಮ್ಮನು ಅವನ ಮೇಲೆ ಸಿಟ್ಟಾಗಲೂ ಇಲ್ಲ. ಆದರೂ ನಾವು ಲೆಕ್ಕ ಹಾಕಿ ನೋಡೋಣ. ಪೆಟ್ಟು ತಪ್ಪಿತೋ? ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಆ ದಿನಗಳಲ್ಲಿ ತಾಯಿ ಬದುಕಿದ್ದಾಳೆಂದು ನೆನಸಿಕೊಂಡು ಅವರು ಮನಸ್ಸಿನಲ್ಲಿ ಅವಳಿಗೆ ಹೇಳಿಕೊಂಡದ್ದೆಲ್ಲಾ, ಇಲ್ಲದವಳಿಗೆ ಹೇಳಿದಂತಾಯಿತು. ಮನೆಯವರೆಲ್ಲಾ ಕೂಡಿ ಅತ್ತು ಕಣ್ಣೊರಸಿಕೊಂಡ ಮೇಲೆ ಇವರೊಬ್ಬರೇ ದುಃಖಪಡಬೇಕಾಯಿತು. ಸಾವಿನ ಮನೆಯಲ್ಲಿ ನಾವು ಕೂಡಿ ಕುಳಿತುಕೊಳ್ಳುವದು ಯಾಕೆ? ಸತ್ತವನನ್ನು ಎಬ್ಬಿಸುವದಕ್ಕಲ್ಲ, ದುಃಖದಲ್ಲಿ ಪಾಲು ತೆಗೆದುಕೊಳ್ಳುವದಕ್ಕೆ. ಆ ಪಾಲು ಮಗನ ಹಕ್ಕು. ಅವನಿಗೆ ಸಲ್ಲತಕ್ಕ ಹೊಲದ ಪಾಲನ್ನು ಅಣ್ಣನು ಕೇಳದೆ ಇಟ್ಟುಕೊಂಡರೆ ನಾವು ಅನ್ಯಾಯವೆನ್ನುವೆವು. ದುಃಖದ ಪಾಲನ್ನು ಇಟ್ಟುಕೊಂಡರೆ ಮಾತ್ರ ಪ್ರೀತಿಯೆನ್ನುವೆವು.

ಇನ್ನು ಪ್ರೀತಿಯಿಂದ ಮುಚ್ಚಿಟ್ಟದ್ದಕ್ಕೂ ಬೇರೆ ಕಾರಣದಿಂದ ಮುಚ್ಚಿಟ್ಟದ್ದಕ್ಕೂ ನಡುವೆ ಇರುವ ಬೇಲಿಯು ನಾವು ನೆನಸುವಷ್ಟು ಎತ್ತರವಾದದ್ದಲ್ಲ. ಗಣಿತಜ್ಞರಾದ ಶ್ರೀನಿವಾಸ ರಾಮಾನುಜನ್ನರು 1914ನೆಯ ಮಾರ್ಚಿನಲ್ಲಿ ಮದ್ರಾಸಿನಿಂದ ಕೇಂಬ್ರಿಜಿಗೆ ಹೊರಟರು. ಹೆಂಡತಿ ಜಾನಕಿಯು ಊರಿನಲ್ಲಿಯೇ ಉಳಿದಳು. ಗಂಡಹೆಂಡಿರ ಕಾಗದಗಳು ಅತ್ತೆಯ ಕೈಯಲ್ಲಿಯೇ ತಡೆದು ನಿಂತವೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಹೆಂಡತಿಯು ಬರೆಯುವದಿಲ್ಲವೆಂದು ಗಂಡನು ಕೊರಗಿದನು. 1919ರಲ್ಲಿ ರೋಗಿಯಾಗಿ ತಿರಿಗಿ ಬಂದು, 1920ನೆಯ ಏಪ್ರಿಲ್ 26ರಂದು ತೀರಿಹೋದನು. ಆ ತಾಯಿಯು ಮಗನನ್ನು ಪ್ರೀತಿಸಲಿಲ್ಲವೆಂದು ಯಾರೂ ಹೇಳಲಾರರು, ಮಿತಿಯಿಲ್ಲದೆ ಪ್ರೀತಿಸಿದಳು. ಆದರೆ ಮನೆಯ ಸುದ್ದಿಗೆ ಬಾಗಿಲು ಕಾಯುವವನಾಗಿ ಒಬ್ಬನು ಕುಳಿತುಕೊಂಡ ಮೇಲೆ, ಯಾವದನ್ನು ಒಳಗೆ ಬಿಡಬೇಕು, ಯಾವದನ್ನು ಬಿಡಬಾರದು ಎಂಬ ಅಧಿಕಾರವು ಅವನ ಕೈಗೆ ಬರುತ್ತದೆ. ಒಂದು ಸಾರಿ ರುಚಿ ಕಂಡ ಅಧಿಕಾರವನ್ನು ಬಿಡುವದು ಸುಲಭವಲ್ಲ.

ಈಗ ಆ ಮೂರು ಮಾತುಗಳಿಗೆ ಉತ್ತರ ಹೇಳುವೆವು. ದೂರದಲ್ಲಿರುವವಳು ಏನೂ ಮಾಡಲಾರಳು ಎಂಬದು ನಿಜವಲ್ಲ. ಅವಳು ಕೇಳಬಲ್ಲಳು, ಮಾತಾಡಬಲ್ಲಳು, ಖರ್ಚನ್ನು ಬಿಗಿಹಿಡಿಯಬಲ್ಲಳು, ಬೇಗನೆ ಬರುವದಕ್ಕೆ ಹಾದಿ ನೋಡಬಲ್ಲಳು. ಅದಲ್ಲದೆ ಸಾಲದ ಕಾಗದದ ಮೇಲೆ ತಂದೆಯ ರುಜುವಿನ ಪಕ್ಕದಲ್ಲಿ ಅವಳ ರುಜುವೂ ಉಂಟು. ತಂದೆಗೆ ದುಡಿಯುವ ಶಕ್ತಿ ತಪ್ಪಿದರೆ ಆ ಸಾಲದ ನೊಗವನ್ನು ಹೊರುವವಳು ಅವಳೇ. ಜೊತೆ ನೊಗದ ಎತ್ತು ಕುಂಟುತ್ತದೆಂದು ಇನ್ನೊಂದು ಎತ್ತಿಗೆ ತಿಳಿಯದಂತೆ ಯಾವ ರೈತನು ಹೊಲ ಊಳುವನು? ಮತ್ತು ಇದನ್ನೂ ಯೋಚಿಸಿರಿ: ಪರದೇಶದ ಸರಕಾರವು ಅವಳ ಎದೆಯ ಒಳಗನ್ನು ಎಕ್ಸ್‌ರೇಯಿಂದ ನೋಡುತ್ತದೆ, ಅವಳ ಲೆಕ್ಕದ ಹಣವನ್ನು ದಿನ ದಿನವಾಗಿ ಎಣಿಸುತ್ತದೆ, ಪ್ರತಿಯೊಂದು ಮಾತಿಗೂ ಸತ್ಯವಾದ ಕಾಗದವನ್ನು ಕೇಳುತ್ತದೆ. ಪರರಿಗೆ ಇಷ್ಟೊಂದು ಸತ್ಯವನ್ನು ಕೊಟ್ಟು ಹೊರಡುವವಳಿಗೆ ಸ್ವಂತ ಮನೆಯು ಸುಳ್ಳನ್ನು ಕಟ್ಟಿಕೊಟ್ಟು ಕಳುಹಿಸುವದು ನ್ಯಾಯವೋ?

ತಿಳಿದರೆ ಹೋಗುವದಿಲ್ಲ ಎಂಬದು ಎರಡನೆಯ ಮಾತು. ಇದು ಎಲ್ಲಕ್ಕಿಂತಲೂ ಬಿಗಿಯಾದದ್ದು. ನಿಜವಾಗಿಯೂ ಅವಳು ಹೋಗದೆ ನಿಂತಾಳು. ವರುಷವೂ ಹಣವೂ ನಷ್ಟವಾದೀತು. ಆ ನಷ್ಟವನ್ನು ನಾವು ಹಗುರವೆನ್ನುವದಿಲ್ಲ. ಬಡವರ ಮನೆಯಲ್ಲಿ ಅಂಥ ಸಂದರ್ಭವು ಎರಡನೆಯ ಸಾರಿ ಬರುವದು ಅಪರೂಪ. ಆದರೆ ಹೋಗಬೇಕೋ ನಿಲ್ಲಬೇಕೋ ಎಂಬದನ್ನು ತೂಗಿ ನೋಡತಕ್ಕವಳು ಯಾರು? ತಕ್ಕಡಿಯ ಒಂದು ತಟ್ಟೆಯನ್ನು ನಾವು ಮುಚ್ಚಿಟ್ಟು, "ನೀನೇ ತೂಗಿ ನೋಡಿ ಹೊರಟೆ" ಎಂದು ಅವಳಿಗೆ ಹೇಳಲಾರೆವು. ತಿಳಿದು ಹೋದವಳು ತಾನೇ ಹೋದಳು. ತಿಳಿಯದೆ ಹೋದವಳನ್ನು ನಾವು ಸಾಗಿಸಿಬಿಟ್ಟೆವು. ತಂದೆಯು ತನ್ನ ರೋಗವನ್ನು ಹೇಳಿ, "ಆದರೂ ಹೋಗು ಮಗಳೇ, ನನ್ನ ಇಷ್ಟವೂ ಅದೇ" ಎಂದರೆ, ಆ ಮಾತು ಅವಳಿಗೆ ಪರದೇಶದ ಚಳಿಯಲ್ಲಿ ಕಂಬಳಿಯಂತೆ ಇರುವದು. ಅದನ್ನು ಹೇಳುವ ಸಂದರ್ಭವನ್ನು ಮರೆಮಾಡುವವರು ತಂದೆಯಿಂದಲೂ ಕಸಕೊಳ್ಳುತ್ತಾರೆ.

ಕಹಿಯನ್ನು ಹೆತ್ತವರೇ ನುಂಗಬೇಕು ಎಂಬದು ಮೂರನೆಯ ಮಾತು. ಮಗು ಎಳೆಯದಾಗಿರುವಾಗ ಇದು ಸರಿ. ಆದರೆ ಸಾವಿರಾರು ಮೈಲಿ ದೂರದ ಊರಿನಲ್ಲಿ ಒಬ್ಬಳೇ ಬಾಳುವಷ್ಟು ದೊಡ್ಡವಳೆಂದು ನಂಬಿ ಕಳುಹಿಸುವವರು, ಮನೆಯ ಸುದ್ದಿಯನ್ನು ಕೇಳುವಷ್ಟು ದೊಡ್ಡವಳಲ್ಲವೆಂದು ನೆನಸುವದು ಹೇಗೆ ಹೊಂದುವದು?

ಆ ಹುಡುಗಿಯ ಸಂಗತಿಯು ಮುಂದೆ ಹೇಗಾಯಿತೆಂದು ವಾಚಕರು ಕೇಳಬಹುದು. ಚಳಿಗಾಲದಲ್ಲಿ ತಂದೆಗೆ ಡಯಾಲಿಸಿಸ್ ಪ್ರಾರಂಭವಾಯಿತು. ಮಂಗಳವಾರವೂ ಶುಕ್ರವಾರವೂ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿ ಬೆಳಿಗ್ಗೆ ಎಂಟು ಗಂಟೆಯಾದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಅವಳು ಆ ವೇಳೆಗೆ ದಿನಾಲು ಫೋನು ಮಾಡುವಳು. ಆ ಎರಡು ವಾರಗಳಂದು ತಾಯಿಯು "ಅಪ್ಪ ಹೊಲಕ್ಕೆ ಹೋಗಿದ್ದಾನೆ" ಎನ್ನುವಳು. ಶೇಂಗಾ ಕಿತ್ತು ಮುಗಿದ ಬರೀ ಹೊಲದಲ್ಲಿ ಪ್ರತಿ ಮಂಗಳವಾರ ಶುಕ್ರವಾರ ಅಪ್ಪನಿಗೆ ಏನು ಕೆಲಸವೆಂದು ಮಗಳು ಕೇಳಲಿಲ್ಲ. ಉಳಿದ ದಿನಗಳಲ್ಲಿ ತಂದೆಯು ಸೂಜಿ ಚುಚ್ಚಿದ ಕೈ ಕಾಣದಂತೆ ಉದ್ದ ತೋಳಿನ ಅಂಗಿಯನ್ನು ಹಾಕಿಕೊಂಡು ಫೋನಿನ ಮುಂದೆ ಕುಳಿತುಕೊಳ್ಳುವನು. ಹುಟ್ಟಿದಂದಿನಿಂದ ಬನಿಯನ್ನಿನಲ್ಲಿಯೇ ಕಂಡ ಅಪ್ಪನು ಮನೆಯೊಳಗೆ ಅಂಗಿ ತೊಟ್ಟಿರುವದು ಯಾಕೆಂದು ಸಹ ಅವಳು ಕೇಳಲಿಲ್ಲ. ಹೀಗೆ ಐದು ತಿಂಗಳು ಕಳೆದವು. ಕಡೆಗೆ ಒಂದು ದಿನ ತಂದೆಯು ತಾಳಲಾರದೆ, ಮಗನಿಗೂ ಅಲ್ಲಿ ಕುಳಿತಿದ್ದ ನಮಗೂ, "ನನ್ನ ಮಗಳಿಗೆ ನನ್ನ ರೋಗವನ್ನು ನಾನು ಹೇಳಬಾರದೋ?" ಎಂದು ಕೇಳಿ, ಫೋನಿನ ಮುಂದೆ ತೋಳನ್ನು ಮೇಲಕ್ಕೆ ಸರಿಸಿ, "ಇಗೋ, ನೋಡವ್ವಾ" ಎಂದನು. ಅವಳು ಬಹಳ ಹೊತ್ತು ಸುಮ್ಮನಿದ್ದು, "ನನಗ ಗೊತ್ತೈತಪ್ಪಾ" ಎಂದಳು.

ಅವಳಿಗೆ ಮೊದಲಿನಿಂದಲೇ ಗೊತ್ತಿತ್ತು. ಹೊರಡುವದಕ್ಕೆ ಹತ್ತು ದಿನ ಇರುವಾಗ ಅಂಕಪಟ್ಟಿಯನ್ನು ಹುಡುಕುತ್ತಾ ಟ್ರಂಕನ್ನು ತೆರೆದವಳಿಗೆ ಆಸ್ಪತ್ರೆಯ ಕಾಗದವು ಸಿಕ್ಕಿತ್ತು. ಓದಿ, ಮೊದಲಿದ್ದ ಹಾಗೆಯೇ ಮಡಚಿ ಇಟ್ಟಳು. ಮನೆಯವರು ಹೇಳಿಯಾರೆಂದು ಹತ್ತು ದಿನ ಕಾದಳು. ಯಾರೂ ಹೇಳದಿರಲಾಗಿ ನಮ್ಮ ಬಳಿಗೆ ಬಂದು ಕೇಳಿದಳು. ನಾವೂ ಸುಳ್ಳು ಹೇಳಿದೆವು. "ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ" ಎಂಬ ಗಾದೆಯು ನಮಗೆ ಗೊತ್ತಿದ್ದರೂ ಬುದ್ಧಿಗೆ ಹತ್ತಲಿಲ್ಲ. ಮನೆಯವರು ಅವಳನ್ನು ನೋಯಿಸಬಾರದೆಂದು ಮುಚ್ಚಿದರು. ಅವಳು ಮನೆಯವರನ್ನು ನೋಯಿಸಬಾರದೆಂದು ತಿಳಿದದ್ದನ್ನು ಮುಚ್ಚಿದಳು. ಐದು ಜನರು ಒಂದೇ ಬೆಂಕಿಯನ್ನು ಬೇರೆ ಬೇರೆ ಸೆರಗಿನಲ್ಲಿ ಕಟ್ಟಿಕೊಂಡು, ಒಬ್ಬೊಬ್ಬರೇ ಸುಟ್ಟುಕೊಂಡರು. ಅವಳು ಓದನ್ನು ಬಿಡಲಿಲ್ಲ. ಪರೀಕ್ಷೆಯನ್ನು ಮುಗಿಸಿ ಬಂದಳು. ತಂದೆಯು ಈಗಲೂ ವಾರಕ್ಕೆ ಎರಡು ಸಾರಿ ಆಸ್ಪತ್ರೆಗೆ ಹೋಗುತ್ತಾನೆ, ಸಾಲವೂ ಇನ್ನೂ ತೀರಿಲ್ಲ. ಆದರೆ ತಂದೆಮಕ್ಕಳು ನಿಜವಾಗಿ ಮಾತಾಡಬಹುದಾಗಿದ್ದ ಆ ಐದು ತಿಂಗಳನ್ನು ಅವರಿಗೆ ತಿರಿಗಿ ಕೊಡುವದು ನಮ್ಮಿಂದಾಗದು. ನಾವು ಆ ಹುಡುಗಿಗೆ ತಪ್ಪೊಪ್ಪಿಕೊಂಡೆವು. ಅವಳು ಕ್ಷಮಿಸಿದಳು; ಆದರೂ ಈಗ ನಾವು ಏನನ್ನಾದರೂ ಹೇಳಿದರೆ ಅವಳು ಮತ್ತೊಂದು ಸಾರಿ ಕೇಳಿಯೇ ನಂಬುತ್ತಾಳೆ. ಅದು ನ್ಯಾಯವೇ.

ಇದರಿಂದ ನಾವು ಕಲಿತುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುವೆವು. ಪ್ರತಿಯೊಂದು ನೆಗಡಿ ಜ್ವರವನ್ನು ಸಾರಿ ಹೇಳಬೇಕೆಂದು ನಾವು ಹೇಳುವದಿಲ್ಲ. ಹೇಳದೆ ಇರುವದು ಬೇರೆ, ಕೇಳಿದಾಗ ಸುಳ್ಳು ಹೇಳುವದು ಬೇರೆ. ಆದರೆ ಪ್ರಾಣಕ್ಕೂ ಸಾಲಕ್ಕೂ ಮನೆಗೂ ಸಂಬಂಧಪಟ್ಟ ಸುದ್ದಿಯನ್ನು ಟಿಕೇಟು ತೆಗೆಯುವದಕ್ಕೆ ಮುಂಚೆ ಹೇಳತಕ್ಕದ್ದು. ವಿಮಾನದ ಬಾಗಿಲಲ್ಲಿ ಹೇಳುವದು ಹೇಳದೆ ಇರುವದಕ್ಕಿಂತ ಕ್ರೂರ. ರೋಗಿಯ ಸುದ್ದಿಯನ್ನು ರೋಗಿಯೇ ಹೇಳಲಿ; ಅವನಿಂದಾಗದಿದ್ದರೆ ಅವನ ಅಪ್ಪಣೆಯಿಂದ ಇನ್ನೊಬ್ಬರು ಹೇಳಲಿ. ಸುದ್ದಿಯನ್ನು ಹೇಳುವಾಗ, ಮನೆಯವರು ಮಾಡಿಕೊಂಡ ಏರ್ಪಾಟನ್ನೂ ಕೂಡ ಹೇಳಲಿ: ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುವರು, ಹೊಲವನ್ನು ಯಾರು ನೋಡುವರು, ತೀರ ಕಷ್ಟವಾದರೆ ಅವಳನ್ನು ಯಾವಾಗ ಕರೆಯುವರು. ಕರೆಯುವೆವೆಂದು ಮಾತುಕೊಟ್ಟವರು ಕರೆಯತಕ್ಕದ್ದು. ಆಗ ಮಾತ್ರ "ಎಲ್ಲಾ ಕ್ಷೇಮ" ಎಂಬ ಮಾತನ್ನು ಕೇಳಿದವಳು ನಿದ್ರೆಮಾಡಬಲ್ಲಳು.

ಹೋಗುವ ಮಕ್ಕಳಿಗೂ ಒಂದು ಮಾತು. ನೀವು ಸಹ ಹೀಗೆಯೇ ಮಾಡುತ್ತೀರಿ. ಪರೀಕ್ಷೆಯಲ್ಲಿ ತಪ್ಪಿದ್ದನ್ನು, ಬಾಡಿಗೆ ಕೊಡಲಾರದೆ ಒಂದೇ ಹೊತ್ತು ಉಂಡದ್ದನ್ನು, ರಾತ್ರಿಯೆಲ್ಲಾ ಅಂಗಡಿಯಲ್ಲಿ ದುಡಿದು ಬೆಳಿಗ್ಗೆ ಪಾಠದಲ್ಲಿ ತೂಕಡಿಸಿದ್ದನ್ನು ಮುಚ್ಚಿಟ್ಟು, ಹಿಮದಲ್ಲಿ ನಗುತ್ತಾ ನಿಂತ ಪಟವನ್ನು ಮನೆಗೆ ಕಳುಹಿಸುತ್ತೀರಿ. ಹಿರಿಯರಿಂದ ಸತ್ಯವನ್ನು ಬಯಸುವವರು ಹಿರಿಯರಿಗೆ ಸತ್ಯವನ್ನು ಕೊಡಬೇಕು. ನಿಮ್ಮ ತಾಯಿಯು ಓದುಬರಹ ಬಲ್ಲವಳಲ್ಲದೆ ಇರಬಹುದು. ಆದರೆ ನಿಮ್ಮ ದನಿಯನ್ನು ಓದುವದರಲ್ಲಿ ಅವಳಿಗಿಂತ ದೊಡ್ಡ ಪಂಡಿತರಿಲ್ಲ.

ಪ್ರಿಯ ವಾಚಕರೇ, ಬರುವ ಸೆಪ್ಟೆಂಬರಿನಲ್ಲಿ ನಿಮ್ಮ ಹಳ್ಳಿಯಿಂದಲೂ ಒಬ್ಬ ಮಗನು ಅಥವಾ ಮಗಳು ಹೊರಡಬಹುದು. ಪೆಟ್ಟಿಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಭಾರ ಹೆಚ್ಚಾದರೆ ಎರಡು ರೊಟ್ಟಿಯ ಕಟ್ಟುಗಳನ್ನು ತೆಗೆದು ಹಗುರ ಮಾಡಿರಿ. ಆದರೆ ಮನೆಯ ಸತ್ಯವನ್ನು ತೆಗೆದು ಹಗುರ ಮಾಡಬೇಡಿರಿ. ಅದನ್ನು ಹೊರುವ ಶಕ್ತಿ ನಿಮ್ಮ ಮಕ್ಕಳಿಗೆ ಉಂಟು. ಅವರು ನಿಮ್ಮ ಮಕ್ಕಳಲ್ಲವೇ?